ನೀತಿ ಬರೆಯುವವರು ಯಾರು, ಸಾಲ ಹೊರುವವರು ಯಾರು?

(ತಾಲ್ಲೂಕು ರೈತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದೆ.)



ಶಿಬಿರ ಏರ್ಪಡಿಸಿದ ಗೆಳೆಯರು ನನಗೆ ಒಂದು ಚೀಟಿ ಕಳಿಸಿದ್ದರು. 'ದೇಶದ ವಿಜ್ಞಾನ, ತಂತ್ರಜ್ಞಾನ ನೀತಿಯನ್ನು ಸರ್ಕಾರದ ನಾಯಕರು ಹೇಗೆ ರೂಪಿಸುತ್ತಾರೆ ಎಂಬ ಬಗ್ಗೆ ಮಾತಾಡಬೇಕು' ಎಂದು ಅದರಲ್ಲಿ ಬರೆದಿತ್ತು. ಚೀಟಿ ಓದಿ ನನ್ನ ಹೆಂಡತಿ ನಕ್ಕುಬಿಟ್ಟಳು. "ಶೇಂಗಾ ಸುಲಿಯೋರಿಗೆ ವಿಜ್ಞಾನದ ಉಸಾಬರಿ ಯಾಕ್ರೀ?" ಅಂದಳು. ಅವಳು ಅಂದದ್ದರಲ್ಲಿ ತಪ್ಪಿಲ್ಲ. ನಾನು ಹಳ್ಳಿ ಹೈಸ್ಕೂಲಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದವನು. ಪ್ರಯೋಗಶಾಲೆ ಅಂತ ನಾನು ನೋಡಿದ್ದು ನಮ್ಮ ಹೈಸ್ಕೂಲಿನ ಒಂದು ಬೀರು, ಅದಕ್ಕೊಂದು ಬೀಗ. ಅಷ್ಟೆ.

ಆದರೂ ಒಪ್ಪಿಕೊಂಡು ಬಂದಿದ್ದೇನೆ. ಯಾಕೆ ಅಂತ ಹೇಳ್ತೀನಿ ಕೇಳಿ. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಸಾಲದ ಲೆಕ್ಕ ತೆಗೆದು ನೋಡಿ. ಸೊಸೈಟಿಯದು, ಬ್ಯಾಂಕಿನದು, ಗೊಬ್ಬರದ ಅಂಗಡಿಯ ಉದ್ರಿ, ಕೈಗಡ, ಎಲ್ಲಾ ಒಂದು ಹಾಳೆಯ ಮೇಲೆ ಬರೆಯಿರಿ. ಮದುವೆಗೆ ಮಾಡಿದ್ದು, ಆಸ್ಪತ್ರೆಗೆ ಮಾಡಿದ್ದು ಒಂದು ಕಡೆ ಇಡಿ. ಉಳಿದದ್ದು ಏನು? ಬೀಜ, ಗೊಬ್ಬರ, ಔಷಧಿ, ಬೋರು, ಪಂಪು, ಪೈಪು, ಟ್ರ್ಯಾಕ್ಟರ್ ಬಾಡಿಗೆ. ಇವೆಲ್ಲಾ ಏನು ಸ್ವಾಮಿ? ಇವೇ ತಂತ್ರಜ್ಞಾನ. ಯಾರೋ ಕಂಡುಹಿಡಿದದ್ದು, ಯಾವುದೋ ನಾಯಕ ಒಪ್ಪಿ ಸಹಿ ಹಾಕಿದ್ದು, ನಾವು ಸಾಲ ಮಾಡಿ ಕೊಂಡದ್ದು. ವಿಜ್ಞಾನ ನೀತಿ ದೆಹಲಿಯಲ್ಲಿ ಹುಟ್ಟುತ್ತದೆ ಅನ್ನುವುದು ಅರ್ಧ ಮಾತು. ಅದು ಬಂದು ಇಳಿಯುವುದು ನಿಮ್ಮ ಸಾಲದ ಪುಸ್ತಕದಲ್ಲಿ. ಅದಕ್ಕೇ ಈ ವಿಷಯ ನಮ್ಮದೇ ಅಂತ ನಾನು ಒಪ್ಪಿಕೊಂಡೆ.

ನಾಲ್ಕು ಹಗ್ಗ

ನೀತಿ ಅಂದರೆ ಏನೋ ದೊಡ್ಡ ಗ್ರಂಥ ಅಂತ ನಾವು ತಿಳಿದಿದ್ದೇವೆ. ಹಾಗೇನೂ ಇಲ್ಲ. 1958ರ ಮಾರ್ಚ್ ತಿಂಗಳಲ್ಲಿ ಪಂಡಿತ್ ನೆಹರೂ ಅವರು ವಿಜ್ಞಾನ ನೀತಿಯ ನಿರ್ಣಯವನ್ನು ಪಾರ್ಲಿಮೆಂಟಿನ ಮುಂದೆ ಇಟ್ಟರು. ಚಿಕ್ಕ ಕಾಗದ. ದೇಶ ಮುಂದೆ ಬರಬೇಕಾದರೆ ವಿಜ್ಞಾನ ಬೇಕು, ವಿಜ್ಞಾನಿಗಳಿಗೆ ಗೌರವ ಬೇಕು, ಅದರ ಫಲ ಜನಕ್ಕೆ ಸಿಗಬೇಕು ಅನ್ನುವುದು ಅದರ ಸಾರ. ಒಳ್ಳೆಯ ಮಾತೇ. ಆದರೆ ನಾಯಕನ ಮನಸ್ಸು ತಿಳಿಯಬೇಕಾದರೆ ಆತ ಆಡಿದ ಮಾತಿಗಿಂತ ಆತ ಏನನ್ನು ತನ್ನ ಹತ್ತಿರ ಇಟ್ಟುಕೊಂಡ ಅನ್ನುವುದನ್ನು ನೋಡಬೇಕು. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ, ಸಿಎಸ್‌ಐಆರ್ ಅಂತಾರಲ್ಲ, ಅದಕ್ಕೆ ಪ್ರಧಾನಮಂತ್ರಿಯೇ ಅಧ್ಯಕ್ಷರು. ಇವತ್ತಿಗೂ ಹಾಗೇ ಇದೆ. 1948ರಲ್ಲಿ ಪರಮಾಣು ಶಕ್ತಿ ಆಯೋಗ ಮಾಡಿದರು, 1954ರಲ್ಲಿ ಅದಕ್ಕೆ ಒಂದು ಇಲಾಖೆಯನ್ನೇ ಮಾಡಿ ಪ್ರಧಾನಿಯ ಕೈಕೆಳಗೆ ಇಟ್ಟುಕೊಂಡರು.

ಕೃಷಿ ಸಂಶೋಧನೆ ಎಲ್ಲಿತ್ತು? ಬ್ರಿಟಿಷರು 1929ರಲ್ಲಿ ಕಟ್ಟಿದ ಕೃಷಿ ಸಂಶೋಧನಾ ಪರಿಷತ್ತು ಇತ್ತು. ಅದರ ತಲೆಯ ಮೇಲೆ ಐಸಿಎಸ್ ಅಧಿಕಾರಿಗಳು ಕೂರುತ್ತಿದ್ದರು. 1965ರವರೆಗೆ ಆ ಕುರ್ಚಿಯಲ್ಲಿ ಒಬ್ಬ ವಿಜ್ಞಾನಿ ಕೂತಿರಲಿಲ್ಲ. ಅಣುವಿಗೆ ಪ್ರಧಾನಿ, ಅನ್ನಕ್ಕೆ ಗುಮಾಸ್ತೆ. ನೆಹರೂ ಅವರಿಗೆ ರೈತರ ಮೇಲೆ ದ್ವೇಷ ಇತ್ತು ಅಂತ ನಾನು ಹೇಳುತ್ತಿಲ್ಲ. ಅಣೆಕಟ್ಟು ಕಟ್ಟಿಸಿದವರು ಅವರೇ. ಆದರೆ ಯಜಮಾನ ಯಾವ ಹೊಲದ ಬದುವಿನ ಮೇಲೆ ದಿನಾ ನಿಲ್ಲುತ್ತಾನೋ ಆ ಹೊಲಕ್ಕೆ ಗೊಬ್ಬರ ಹೆಚ್ಚು ಬೀಳುತ್ತದೆ. ಇದು ನಿಮಗೂ ಗೊತ್ತು.

ಹೀಗೆ ನೋಡುತ್ತಾ ಹೋದರೆ ನಾಯಕನ ಕೈಯಲ್ಲಿ ನಾಲ್ಕು ಹಗ್ಗ ಇರುತ್ತವೆ. ಯಾವ ಕೆಲಸವನ್ನು ತನ್ನ ಕಣ್ಣಳತೆಯಲ್ಲಿ ಇಟ್ಟುಕೊಳ್ಳಬೇಕು ಅನ್ನುವುದು ಒಂದು. ಆ ಕೆಲಸಕ್ಕೆ ಯಾರನ್ನು ಮುಖ್ಯಸ್ಥ ಮಾಡಬೇಕು ಅನ್ನುವುದು ಎರಡು. ಹಣ ಯಾವುದಕ್ಕೆ ಕೊಡಬೇಕು ಅನ್ನುವುದು ಮೂರು. ಆ ವಿಜ್ಞಾನದಿಂದ ಬಂದ ಫಸಲಿಗೆ ಬೆಲೆ ಏನು, ಹೊರದೇಶದ ಮಾಲಿಗೆ ಸುಂಕ ಎಷ್ಟು ಅನ್ನುವುದು ನಾಲ್ಕು. ದೆಹಲಿಯವರು ಮೊದಲಿನ ಮೂರನ್ನು ಮಾತ್ರ ವಿಜ್ಞಾನ ನೀತಿ ಅನ್ನುತ್ತಾರೆ. ನಾಲ್ಕನೆಯದು ವ್ಯಾಪಾರ ನೀತಿ, ಅದು ಬೇರೆ ಕಚೇರಿ, ಬೇರೆ ಮಂತ್ರಿ. ರೈತನಿಗೆ ಈ ನಾಲ್ಕೂ ಹಗ್ಗ ಒಂದೇ ನೊಗಕ್ಕೆ ಕಟ್ಟಿದವು. ನಾಲ್ಕನ್ನೂ ಒಂದೇ ಕೈ ಎಳೆದಾಗ ಬಂಡಿ ಹೋಗಿದೆ. ಮೂರು ಒಂದು ಕಡೆ, ನಾಲ್ಕನೆಯದು ಇನ್ನೊಂದು ಕಡೆ ಎಳೆದಾಗ ಬಂಡಿ ಮಗುಚಿದೆ, ನಾವು ಅದರ ಅಡಿ ಸಿಕ್ಕಿದ್ದೇವೆ. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇದೊಂದೇ ಮಾತು. ಅದಕ್ಕೆ ಎರಡು ಕಥೆ ಹೇಳುತ್ತೇನೆ. ಒಂದು ಗೋಧಿಯದು, ಒಂದು ನಮ್ಮ ಶೇಂಗಾದ್ದು.

ಗೋಧಿಯ ಕಥೆ

1960ರ ದಶಕದಲ್ಲಿ ದೇಶಕ್ಕೆ ಹೊಟ್ಟೆಗಿರಲಿಲ್ಲ. ಅಮೆರಿಕದ ಪಿಎಲ್-480 ಅನ್ನುವ ಕಾನೂನಿನ ಕೆಳಗೆ ಹಡಗಿನಲ್ಲಿ ಗೋಧಿ ಬರಬೇಕು, ನಾವು ತಿನ್ನಬೇಕು. ಅಮೆರಿಕದ ಕೆಂಪು ಜೋಳ ತಿಂದ ಮಾತನ್ನು ನಮ್ಮ ಹಿರಿಯರು ಬೇಸರದಿಂದ ಹೇಳುತ್ತಿದ್ದರು. 1965 ಮತ್ತು 1966, ಎರಡು ವರ್ಷ ಒಂದರ ಹಿಂದೆ ಒಂದು ಮಳೆ ಕೈಕೊಟ್ಟಿತು. 1966ರಲ್ಲಿ ಸುಮಾರು 1 ಕೋಟಿ ಟನ್ ಧಾನ್ಯ ಹೊರಗಿನಿಂದ ತರಿಸಬೇಕಾಯಿತು. ಅಮೆರಿಕದ ಅಧ್ಯಕ್ಷ ಲಿಂಡನ್ ಜಾನ್ಸನ್ ಒಟ್ಟಿಗೆ ಕೊಡುತ್ತಿರಲಿಲ್ಲ. ತಿಂಗಳು ತಿಂಗಳು ತಡೆದು ತಡೆದು ಬಿಡುತ್ತಿದ್ದರು. ಸಾಲ ಕೊಟ್ಟ ಸಾಹುಕಾರ ನಮ್ಮನ್ನು ಜಗುಲಿಯ ಮೇಲೆ ಕಾಯಿಸುತ್ತಾನಲ್ಲ, ಹಾಗೆ ದೇಶವನ್ನೇ ಕಾಯಿಸಿದರು.

ಅಷ್ಟರಲ್ಲಿ ನೆಹರೂ ತೀರಿಕೊಂಡು 1964ರಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳು ಪ್ರಧಾನಿಯಾಗಿದ್ದರು. ಅದಕ್ಕೆ ಮೊದಲು ಉಕ್ಕಿನ ಖಾತೆ ನೋಡಿಕೊಳ್ಳುತ್ತಿದ್ದ ಸಿ. ಸುಬ್ರಮಣ್ಯಂ ಅವರನ್ನು ಆಹಾರ ಮತ್ತು ಕೃಷಿ ಮಂತ್ರಿ ಮಾಡಿದರು. ಕೃಷಿ ಖಾತೆ ಅಂದರೆ ಆಗ ಯಾರಿಗೂ ಬೇಡದ ಖಾತೆ. ಸುಬ್ರಮಣ್ಯಂ ಅವರು ಮೊದಲು ಏನು ಮಾಡಿದರು ಅನ್ನುವುದನ್ನು ಗಮನವಿಟ್ಟು ಕೇಳಿ. ಬೀಜ ತರಿಸುವುದಕ್ಕಿಂತ ಮೊದಲೇ ಬೆಲೆಯ ವ್ಯವಸ್ಥೆ ಮಾಡಿದರು. 1965ರ ಜನವರಿಯಲ್ಲಿ ಕೃಷಿ ಬೆಲೆ ಆಯೋಗ ಬಂತು. ಅದೇ ತಿಂಗಳು ಭಾರತ ಆಹಾರ ನಿಗಮ ಬಂತು. ಒಂದು, ಬೆಲೆ ಇಷ್ಟು ಅಂತ ಹೇಳುವುದಕ್ಕೆ. ಇನ್ನೊಂದು, ಆ ಬೆಲೆಗೆ ಕೊಳ್ಳುವುದಕ್ಕೆ. ರೈತನಿಗೆ ಲಾಭ ಕಾಣದಿದ್ದರೆ ಅವನು ಹೊಸ ಬೀಜ ಮುಟ್ಟುವುದಿಲ್ಲ ಅನ್ನುವುದು ಅವರ ವಾದ. ಸರ್ಕಾರದ ಒಳಗೇ ಎದುರು ನಿಂತವರಿದ್ದರು. ಬೆಲೆ ಏರಿಸಿದರೆ ಪಟ್ಟಣದವರು ಸುಮ್ಮನಿರುತ್ತಾರೆಯೇ, ಬೀಜಕ್ಕೂ ಗೊಬ್ಬರಕ್ಕೂ ವಿದೇಶಿ ವಿನಿಮಯ ಎಲ್ಲಿಂದ ತರೋಣ ಅಂತ ಕೇಳಿದರು.

ಅದೇ 1965ರಲ್ಲಿ ಕೃಷಿ ಸಂಶೋಧನಾ ಪರಿಷತ್ತಿನ ಕುರ್ಚಿಯಲ್ಲಿ ಮೊದಲ ಬಾರಿಗೆ ಒಬ್ಬ ವಿಜ್ಞಾನಿ, ಗೋಧಿ ತಳಿಗಳ ಮೇಲೆ ಕೆಲಸ ಮಾಡಿದ ಡಾ. ಬಿ.ಪಿ. ಪಾಲ್, ಬಂದು ಕೂತರು. ಡಾ. ಎಂ.ಎಸ್. ಸ್ವಾಮಿನಾಥನ್ ಅಂಥವರು ಹೊಸ ಗಿಡ್ಡ ಗೋಧಿಯನ್ನು ಸರ್ಕಾರಿ ಫಾರಂ ದಾಟಿಸಿ ರೈತರ ಹೊಲಗಳಲ್ಲೇ ಬೆಳೆದು ತೋರಿಸಿದರು. ಮಂತ್ರಿಗಳು ದೆಹಲಿಯ ತಮ್ಮ ಬಂಗಲೆಯ ಹುಲ್ಲುಹಾಸನ್ನು ಉತ್ತಿಸಿ ಗೋಧಿ ಹಾಕಿಸಿದರು. 1966ರಲ್ಲಿ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಬೀಜ ಹಡಗು ಏರಿತು. ಲೆರ್ಮಾ ರೋಹೋ, ಸೊನೋರಾ ಅನ್ನುವ ತಳಿಗಳು. 1964-65ರಲ್ಲಿ ದೇಶದ ಗೋಧಿ 1 ಕೋಟಿ 23 ಲಕ್ಷ ಟನ್ ಇತ್ತು. 1967-68ಕ್ಕೆ 1 ಕೋಟಿ 65 ಲಕ್ಷ ಟನ್ ಆಯಿತು. ಅಷ್ಟು ಮಾಡಿದ ಮಂತ್ರಿ 1967ರ ಚುನಾವಣೆಯಲ್ಲಿ ಸೋತರು! ಅದೂ ನೆನಪಿರಲಿ.

ಹಸಿರು ಕ್ರಾಂತಿಯ ದೋಷಗಳನ್ನು ಈ ಪತ್ರಿಕೆ ಓದುವವರಿಗೆ ನಾನು ಹೇಳಬೇಕಾಗಿಲ್ಲ. ನೀರಿದ್ದವನಿಗೆ ಸಿಕ್ಕಿತು, ಇಲ್ಲದವನಿಗೆ ಇಲ್ಲ. ಪಂಜಾಬಿನ ಅಂತರ್ಜಲ ಪಾತಾಳಕ್ಕೆ ಹೋಯಿತು. ನಮ್ಮ ರಾಗಿ, ಜೋಳ, ನವಣೆ ಮೂಲೆಗೆ ಬಿದ್ದವು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು 'ರಾಗಿ' ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿ ಇಂಡಾಫ್ ತಳಿಗಳನ್ನು ತೆಗೆದರು. ಹೊಲದಲ್ಲಿ ಇಳುವರಿ ಏರಿತು. ವಿಜ್ಞಾನ ಗೋಧಿಯದಕ್ಕಿಂತ ಏನು ಕಮ್ಮಿ ಇತ್ತು? ಆದರೆ ಗೋಧಿಗೆ ಸಿಕ್ಕ ಖರೀದಿ ರಾಗಿಗೆ ಆಗ ಸಿಗಲಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಅಂತ ಸಾರಿತು, ಕೇಳಿದವರು ನಮ್ಮ ಸರ್ಕಾರದವರೇ. ಸಂತೋಷ. ಆದರೆ ಇಂಡಾಫ್ ಬಂದದ್ದು 1970ರ ದಶಕದಲ್ಲಿ. ನಾಯಕರ ಕಣ್ಣು ಗೋಧಿ ಹೊಲದಿಂದ ರಾಗಿ ಹೊಲಕ್ಕೆ ಹೊರಳಲು ನಾಲ್ಕೈದು ದಶಕ ಹಿಡಿಯಿತು.

ನಮ್ಮ ಶೇಂಗಾದ ಕಥೆ

ಈಗ ನನ್ನ ಹೊಲಕ್ಕೆ ಬರುತ್ತೇನೆ. ಚಳ್ಳಕೆರೆ, ಪಾವಗಡ, ಹಿರಿಯೂರು ಕಡೆಯವರು ಇಲ್ಲಿ ಬಹಳ ಜನ ಇದ್ದೀರಿ. ಚಳ್ಳಕೆರೆಗೆ ಎಣ್ಣೆ ನಗರ ಅಂತ ಹೆಸರು ಬಂದದ್ದು ಯಾಕೆ ಅಂತ ನಿಮ್ಮ ಮಕ್ಕಳನ್ನು ಕೇಳಿ ನೋಡಿ, ಎಷ್ಟು ಜನಕ್ಕೆ ಗೊತ್ತಿದೆ ಅಂತ.

1980ರ ದಶಕದಲ್ಲಿ ಅಡುಗೆ ಎಣ್ಣೆ ತರಿಸುವುದಕ್ಕೆ ದೇಶದ ಹಣ ಹೊಳೆಯಂತೆ ಹರಿದು ಹೋಗುತ್ತಿತ್ತು. ಇಂದಿರಾ ಗಾಂಧಿಯವರು 1983ರ ಜನವರಿಯಲ್ಲಿ ತಿರುಪತಿಯ ವಿಜ್ಞಾನ ಸಮ್ಮೇಳನದಲ್ಲಿ ತಂತ್ರಜ್ಞಾನ ನೀತಿ ಪ್ರಕಟಿಸಿದರು. ಸ್ವಾವಲಂಬನೆ ಅದರ ಮಂತ್ರ. ಆಮೇಲೆ ರಾಜೀವ್ ಗಾಂಧಿಯವರು ಪ್ರಧಾನಿಯಾದರು. ಅವರು 'ತಂತ್ರಜ್ಞಾನ ಮಿಷನ್' ಅಂತ ಹೊಸ ಪದ್ಧತಿ ತಂದರು. ಕುಡಿಯುವ ನೀರು, ಲಸಿಕೆ, ಸಾಕ್ಷರತೆ, ಟೆಲಿಫೋನು, ಅದರ ಜೊತೆ 1986ರ ಮೇ ತಿಂಗಳಲ್ಲಿ ಎಣ್ಣೆಬೀಜ. ಆ ಮಿಷನ್ನಿನಲ್ಲಿ ಬೀಜ, ಬೇಸಾಯ ಒಂದು ಕಡೆ, ಎಣ್ಣೆ ತೆಗೆಯುವ ಕೆಲಸ ಒಂದು ಕಡೆ, ಸಾಲ ಸಾಮಗ್ರಿ ಒಂದು ಕಡೆ, ಬೆಲೆಯ ಬೆಂಬಲ ಒಂದು ಕಡೆ. ನಾಲ್ಕನ್ನೂ ಒಂದೇ ಮೇಜಿನ ಮುಂದೆ ಕೂರಿಸಿದರು. ಮೇಜು ಪ್ರಧಾನಿಯ ಕಣ್ಣೆದುರಿಗೆ. ಆನಂದ್ ಹಾಲಿನ ಮಾದರಿಯಲ್ಲಿ ಎಣ್ಣೆಬೀಜ ಬೆಳೆಗಾರರ ಸಹಕಾರ ಸಂಘಗಳು ನಮ್ಮ ರಾಜ್ಯದಲ್ಲೂ ಎದ್ದಿದ್ದವು. 1989ರಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಗೆ ಒಂದು ಕೆಲಸ ವಹಿಸಿದರು: ಎಣ್ಣೆಯ ಬೆಲೆ ಇಷ್ಟಕ್ಕಿಂತ ಕೆಳಗೆ ಇಳಿದರೆ ಕೊಂಡು ಇಡಬೇಕು, ಇಷ್ಟಕ್ಕಿಂತ ಮೇಲೆ ಹೋದರೆ ಮಾರಬೇಕು. ಕೆಳಗೆ ರೈತನಿಗೆ ನೆಲ, ಮೇಲೆ ಪಟ್ಟಣದವನಿಗೆ ಸೂರು.

ಫಲ ಏನಾಯಿತು? 1985-86ರಲ್ಲಿ ದೇಶದ ಎಣ್ಣೆಬೀಜ 1 ಕೋಟಿ 8 ಲಕ್ಷ ಟನ್. 1993-94ಕ್ಕೆ ಅದು 2 ಕೋಟಿ ಟನ್ ದಾಟಿತ್ತು. ಎಂಟು ವರ್ಷದಲ್ಲಿ ಹೆಚ್ಚುಕಮ್ಮಿ ಇಮ್ಮಡಿ! ತೊಂಬತ್ತರ ದಶಕದ ಆರಂಭದಲ್ಲಿ ದೇಶ ತನಗೆ ಬೇಕಾದ ಎಣ್ಣೆಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚನ್ನು ತಾನೇ ಬೆಳೆದುಕೊಳ್ಳುತ್ತಿತ್ತು. ಗೋಧಿಯಂತೆ ನೀರಾವರಿ ಬೆಳೆಯಲ್ಲ ಇದು. ನಮ್ಮಂಥ ಮಳೆಯಾಶ್ರಿತ ಹೊಲದವರೂ ಸೇರಿ ಮಾಡಿದ ಕೆಲಸ.

ನಾನು ಎಸ್ಸೆಸ್ಸೆಲ್ಸಿ ಮುಗಿಸಿದ ಕಾಲ ಅದು. ನಮ್ಮಪ್ಪ ಮೊದಲ ಬಾರಿಗೆ ಹಳೆಯ ಬಾಕಿ ತೀರಿಸಿ ಸೊಸೈಟಿಯ ಮೆಟ್ಟಿಲು ಇಳಿದು ಬಂದದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಮನೆಗೆ ಬಂದವರು ಏನೂ ಮಾತಾಡಲಿಲ್ಲ. ಕಾಲು ತೊಳೆದುಕೊಂಡು ಊಟಕ್ಕೆ ಕೂತು, "ಇನ್ನೊಂದು ಮುದ್ದೆ ಹಾಕು" ಅಂದರು. ಸಾಲ ಇಲ್ಲದ ಮನುಷ್ಯ ಹೇಗಿರುತ್ತಾನೆ ಅಂತ ನಾನು ನೋಡಿದ್ದು ಆ ರಾತ್ರಿ. ಆ ಧೈರ್ಯದ ಮೇಲೆಯೇ ನಾನು ಮುಂದೆ ಓದುವ ಆಸೆ ಬಿಟ್ಟು ಬೇಸಾಯಕ್ಕೆ ನಿಂತೆ. ಇದ್ದ ನಾಲ್ಕು ಎಕರೆಗೆ ಇನ್ನೂ ಮೂರು ಎಕರೆ ಗುತ್ತಿಗೆ ಹಿಡಿದೆ. ಬೋರು ಕೊರೆಸಿ ಬೇಸಿಗೆ ಶೇಂಗಾ ಹಾಕೋಣ ಅಂತ ಸಾಲ ಎತ್ತಿದೆ.

ಅಲ್ಲೇ ನಾನು ಎಡವಿದ್ದು. ಬರೀ ನನ್ನ ತಪ್ಪು ಅಂತ ಬಹಳ ವರ್ಷ ತಿಳಿದಿದ್ದೆ. ಬೋರು ಬತ್ತಿತು, ತಿಕ್ಕಾ ರೋಗ ಬಂತು, ಸುರುಳಿಪೂಚಿ ಬಂತು, ಹಣೆಬರಹ ಅಂದುಕೊಂಡೆ. ಆದರೆ ಬೆಳೆ ಚೆನ್ನಾಗಿ ಬಂದ ವರ್ಷವೂ ಮಂಡಿಯಲ್ಲಿ ಬೆಲೆ ಎದ್ದೇಳಲಿಲ್ಲವಲ್ಲ, ಅದು ಯಾವ ಹಣೆಬರಹ? ದಲ್ಲಾಲಿಯನ್ನು ಕೇಳಿದರೆ, "ಪಾಮೋಲಿನ್ ಬಂದಿದೆ ಕಣಪ್ಪಾ, ಮಿಲ್ಲಿನವರೇ ಕೇಳ್ತಿಲ್ಲ" ಅಂದ. ಪಾಮೋಲಿನ್ ಅಂದರೆ ಏನು ಅಂತ ಆಗ ನನಗೆ ಗೊತ್ತಿರಲಿಲ್ಲ. ಯಾವುದೋ ಹೊಸ ಔಷಧಿ ಅಂದುಕೊಂಡಿದ್ದೆ!

ನಾಲ್ಕನೆಯ ಹಗ್ಗ

ನಡೆದದ್ದು ಇಷ್ಟು. 1994ರಲ್ಲಿ ಪಾಮೋಲಿನ್ ಎಣ್ಣೆಯನ್ನು ಯಾರು ಬೇಕಾದರೂ ಹೊರಗಿನಿಂದ ತರಬಹುದು ಅಂತ ಕೇಂದ್ರ ಸರ್ಕಾರ ಬಾಗಿಲು ತೆರೆಯಿತು. ಆಗ ಸುಂಕ ನೂರಕ್ಕೆ 65. ವರ್ಷ ವರ್ಷ ಇಳಿಸುತ್ತಾ ಹೋಗಿ 1998ಕ್ಕೆ ನೂರಕ್ಕೆ 15 ಮಾಡಿದರು. ಪಕ್ಷ ಬದಲಾಯಿತು, ಪ್ರಧಾನಿಗಳು ಬದಲಾದರು, ಇಳಿಸುವುದು ಮಾತ್ರ ಬದಲಾಗಲಿಲ್ಲ. ಆದ್ದರಿಂದ ಒಂದು ಪಕ್ಷದ ಮೇಲೆ ಹೊರಿಸಿ ಕೈತೊಳೆದುಕೊಳ್ಳಬೇಡಿ.

ಎಣ್ಣೆಬೀಜದ ಮಿಷನ್ ಮುಚ್ಚಿಬಿಟ್ಟರೇ? ಇಲ್ಲ! ವಿಜ್ಞಾನಿಗಳು ಇದ್ದರು, ಕಚೇರಿ ಇತ್ತು, ಪ್ರಾತ್ಯಕ್ಷಿಕೆ ನಡೆಯುತ್ತಿತ್ತು, ಬೀಜದ ಸಬ್ಸಿಡಿಯೂ ಇತ್ತು. ಒಂದು ಇಲಾಖೆ 'ಹೆಚ್ಚು ಬೆಳೆಯಿರಿ' ಅಂತ ಬೋರ್ಡು ಬರೆಸುತ್ತಿತ್ತು. ಇನ್ನೊಂದು ಇಲಾಖೆ ಬಂದರಿನಲ್ಲಿ ಹಡಗಿಗೆ ದಾರಿ ಬಿಡುತ್ತಿತ್ತು. ಮೊದಲನೆಯದರ ಮಾತು ನಂಬಿ ನಾವು ಸಾಲ ಮಾಡಿದೆವು. ಎರಡನೆಯದು ಮಾಡಿದ್ದು ನಮಗೆ ತಿಳಿಯಲೇ ಇಲ್ಲ.

ಅದು ವಿಶ್ವ ವ್ಯಾಪಾರ ಸಂಸ್ಥೆಯ ಒತ್ತಡ ಅಂತ ನಮಗೆ ಹೇಳಿದರು. ನಾನೂ ವೇದಿಕೆಗಳ ಮೇಲೆ ಹಾಗೇ ಭಾಷಣ ಮಾಡಿದ್ದುಂಟು. ಆಮೇಲೆ ತಿಳಿದವರನ್ನು ಕೇಳಿದಾಗ ಗೊತ್ತಾಯಿತು: ಆ ಒಪ್ಪಂದದಲ್ಲಿ ತಾಳೆ ಎಣ್ಣೆಯ ಮೇಲೆ ಭಾರತ ನೂರಕ್ಕೆ 300ರವರೆಗೆ ಸುಂಕ ಹಾಕಬಹುದು ಅಂತಲೇ ಇದೆ. 300ರ ಅಪ್ಪಣೆ ಕೈಯಲ್ಲಿಟ್ಟುಕೊಂಡು 15ಕ್ಕೆ ಇಳಿಸಿದವರು ಜಿನೀವಾದವರಲ್ಲ, ನಮ್ಮವರೇ. ನಮ್ಮ ಸಿಟ್ಟು ತಪ್ಪು ಬಾಗಿಲು ತಟ್ಟಿತ್ತು.

ಆ ಎಣ್ಣೆ ಎಲ್ಲಿಂದ ಬಂತು ಅದನ್ನೂ ನೋಡಿ. ಮಲೇಷ್ಯಾದಿಂದ, ಇಂಡೋನೇಷ್ಯಾದಿಂದ. ಮಲೇಷ್ಯಾದ ನಾಯಕರು ಏನು ಮಾಡಿದ್ದರು? 1956ರಿಂದಲೇ ಭೂಮಿಯಿಲ್ಲದವರಿಗೆ ಜಮೀನು ಕೊಟ್ಟು ನೆಲೆ ಮಾಡಿಸಿ ಮುಂದೆ ತಾಳೆ ಬೆಳೆಸಿದರು. 1979ರಲ್ಲಿ ತಾಳೆ ಎಣ್ಣೆಗೆಂದೇ ಒಂದು ಸಂಶೋಧನಾ ಸಂಸ್ಥೆ ಕಟ್ಟಿದರು. ಅದರ ಖರ್ಚಿಗೆ ಎಣ್ಣೆಯ ಮೇಲೇ ಸೆಸ್ ಹಾಕಿದರು. 1981ರಲ್ಲಿ ಆಫ್ರಿಕದ ಕ್ಯಾಮರೂನಿನಿಂದ ಪರಾಗ ಹರಡುವ ಒಂದು ಸಣ್ಣ ಮೂತಿಹುಳು ತಂದು ತೋಟಗಳಿಗೆ ಬಿಟ್ಟರು, ಕಾಯಿ ಕಟ್ಟುವುದು ಹೆಚ್ಚಿತು. ಅಲ್ಲಿ ಕಾಡು ನಾಶವಾಯಿತು ಅನ್ನುವ ಆಪಾದನೆ ಇದೆ, ಅದು ನಿಜವೂ ಹೌದು. ಆದರೆ ಹುಳುವಿನಿಂದ ಹಿಡಿದು ಹಡಗಿನವರೆಗೆ ಅವರ ಹಗ್ಗಗಳೆಲ್ಲಾ ಒಂದೇ ಕಡೆ ಎಳೆದವು. ನಮ್ಮಲ್ಲಿ ಎಂಟು ವರ್ಷ ಒಂದು ಕಡೆ ಎಳೆದು, ಆಮೇಲೆ ನಾವೇ ಹಗ್ಗ ಬಿಟ್ಟೆವು.

ಪರಿಣಾಮ ಇವತ್ತು ಎದುರಿಗಿದೆ. ಸ್ವಂತ ಕಾಲ ಮೇಲೆ ನಿಂತಿದ್ದ ದೇಶ 2023-24ರಲ್ಲಿ ಸುಮಾರು 160 ಲಕ್ಷ ಟನ್ ಎಣ್ಣೆ ಹೊರಗಿನಿಂದ ತರಿಸಿತು. ಬೇಡಿಕೆಯ ನೂರರಲ್ಲಿ ಸುಮಾರು 57 ಪಾಲು ಆಮದು ಅಂತ ಸರ್ಕಾರವೇ ಹೇಳಿದೆ. ಚಳ್ಳಕೆರೆಯಲ್ಲಿ ಎಷ್ಟೋ ಮಿಲ್ಲುಗಳು ಬಾಗಿಲು ಹಾಕಿದವು. ನಾನು ಬೋರಿಗೆ ಮಾಡಿದ ಸಾಲ ತೀರಿಸಲು ಒಂದೂವರೆ ಎಕರೆ ಮಾರಬೇಕಾಯಿತು. ನಮ್ಮಪ್ಪ ಅದಕ್ಕೂ ಏನೂ ಮಾತಾಡಲಿಲ್ಲ. ಊಟ ಮಾತ್ರ ಕಮ್ಮಿ ಮಾಡಿದರು.

ಇನ್ನೊಂದು ಕಡೆಯ ಮಾತು

ನ್ಯಾಯ ಅಂದ ಮೇಲೆ ಎದುರು ಕಡೆಯ ಮಾತನ್ನೂ ಕೇಳಬೇಕು. ಎಣ್ಣೆ ಬೆಲೆ ಏರಿದರೆ ಕೂಲಿ ಮಾಡುವವಳ ಒಗ್ಗರಣೆಗೂ ಏಟು. ನಮ್ಮ ಹೊಲದಲ್ಲಿ ಕಳೆ ಕೀಳಲು ಬರುವ ಹೆಂಗಸರೂ ಪಾಕೀಟಿನ ಎಣ್ಣೆಯನ್ನೇ ಕೊಳ್ಳುತ್ತಾರೆ. ನಿಜ ಹೇಳಬೇಕಂದ್ರೆ ನಮ್ಮ ಮನೆಯಲ್ಲೂ ಅದೇ ಇದೆ. ಶೇಂಗಾ ಬೆಳೆಯುವ ನಾವು ಪಾಮೋಲಿನ್ನಿನಲ್ಲಿ ಬಜ್ಜಿ ಕರಿದು ತಿನ್ನುತ್ತಿದ್ದೇವೆ! ಚುನಾವಣೆ ಎದುರಿಗಿರುವ ನಾಯಕನಿಗೆ ಈ ಭಯ ಇದ್ದೇ ಇರುತ್ತದೆ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 1989ರಲ್ಲಿ ಮಾಡಿದ ನೆಲ ಮತ್ತು ಸೂರಿನ ಏರ್ಪಾಡು ಇಬ್ಬರನ್ನೂ ಉಳಿಸಲು ನೋಡಿತ್ತಲ್ಲ. ಒಬ್ಬರ ತಟ್ಟೆಗಾಗಿ ಇನ್ನೊಬ್ಬರ ತಟ್ಟೆ ಕಸಿಯದೆ ಇರುವ ದಾರಿ ಇತ್ತು. ಅದನ್ನು ಬಿಟ್ಟವರು ಯಾಕೆ ಬಿಟ್ಟೆವು ಅಂತ ಹೇಳಬೇಕು.

ವಿಜ್ಞಾನಿಗಳನ್ನು ಬೈಯುವುದೂ ತರವಲ್ಲ. ಶೇಂಗಾಕ್ಕೆಂದೇ ಜುನಾಗಢದಲ್ಲಿ ಕೇಂದ್ರ ಇದೆ. ಹೈದರಾಬಾದಿನ ಪಕ್ಕ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಇದೆ. ನಮ್ಮ ಕೃಷಿ ವಿಶ್ವವಿದ್ಯಾಲಯಗಳಿವೆ. ತಳಿಗಳು ಬಂದಿವೆ. ಆದರೂ ನಮ್ಮ ಸೀಮೆಯಲ್ಲಿ ಬಹಳ ಕಾಲ ಎಲ್ಲರೂ ಬಿತ್ತಿದ್ದು ಟಿಎಂವಿ-2. ಸ್ವಾತಂತ್ರ್ಯಕ್ಕೆ ಮೊದಲು ತಮಿಳುನಾಡಿನ ತಿಂಡಿವನದಲ್ಲಿ ಬಂದ ತಳಿ ಅದು! ನಮ್ಮಪ್ಪ ಬಿತ್ತಿದರು, ನಾನೂ ಬಿತ್ತಿದೆ. ಈಚೆಗೆ ಆಂಧ್ರದ ಕದಿರಿಯ ತಳಿಗಳು ಬಂದ ಮೇಲೆ ಸ್ವಲ್ಪ ಬದಲಾಗಿದೆ.

ಯಾಕೆ ಹೀಗೆ? ಲೆಕ್ಕ ಸರಳ. ರಾಗಿ ಬೀಜ ಒಂದು ಕೆಜಿ ಹಾಕಿದರೆ ನೂರಾರು ಕೆಜಿ ಬೀಜ ಆಗುತ್ತದೆ. ಶೇಂಗಾ ಎಕರೆಗೆ ಸುಮಾರು 50 ಕೆಜಿ ಬೀಜ ಬೇಡುತ್ತದೆ. ನಮ್ಮ ಮಳೆ ಹೊಲದಲ್ಲಿ ಒಂದಕ್ಕೆ ಎಂಟೋ ಹತ್ತೋ ಬಂದರೆ ಹೆಚ್ಚು. ಹೊಸ ತಳಿಯನ್ನು ಒಂದು ತಾಲ್ಲೂಕಿಗೆ ಸಾಲುವಷ್ಟು ಹೆಚ್ಚಿಸಬೇಕಾದರೆ ವರ್ಷಗಟ್ಟಲೆ ಗೋದಾಮು, ಹಣ, ತಾಳ್ಮೆ ಬೇಕು. ಒಂದು ಸಲ ಕೊಂಡ ರೈತ ಮುಂದಿನ ವರ್ಷ ತನ್ನ ಬೀಜ ತಾನೇ ಇಟ್ಟುಕೊಳ್ಳುತ್ತಾನೆ. ಹಾಗಾಗಿ ಬೀಜದ ಕಂಪನಿಗೆ ಇದರಲ್ಲಿ ರುಚಿ ಇಲ್ಲ. ಇದು ಸರ್ಕಾರವೇ ಮಾಡಬೇಕಾದ ಕೆಲಸ. ಕಂಪನಿಗೆ ಲಾಭ ಇರುವ ವಿಜ್ಞಾನ ತಾನಾಗಿ ಊರಿನ ಅಂಗಡಿಗೆ ನಡೆದುಕೊಂಡು ಬರುತ್ತದೆ. ರೈತನಿಗೆ ಮಾತ್ರ ಲಾಭ ಇರುವ ವಿಜ್ಞಾನವನ್ನು ನಾಯಕನೇ ಹೊತ್ತು ತರಬೇಕು.

ಒಂದು ಸಲ ನಮ್ಮನ್ನು ಕೇಳಿದರು

ನಾಯಕರು ರೈತರನ್ನು ಕೇಳಿ ನಿರ್ಧಾರ ಮಾಡಿದ್ದೇ ಇಲ್ಲವೇ? ಒಂದು ಸಲ ಆಯಿತು. 2009ರ ಅಕ್ಟೋಬರಿನಲ್ಲಿ ಬಿಟಿ ಬದನೆಗೆ ಕೇಂದ್ರದ ಸಮಿತಿ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಮಂತ್ರಿ ಜೈರಾಂ ರಮೇಶ್ ನೇರವಾಗಿ ಸಹಿ ಹಾಕಲಿಲ್ಲ. ಏಳು ಊರುಗಳಲ್ಲಿ ಸಭೆ ಕರೆದರು. ಕೊನೆಯ ಸಭೆ 2010ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ. ರೈತರು, ವಿಜ್ಞಾನಿಗಳು, ಕಂಪನಿಯ ಪರ ಇದ್ದವರು, ಗದ್ದಲವೋ ಗದ್ದಲ. ಮೂರು ದಿನ ಬಿಟ್ಟು, ಫೆಬ್ರವರಿ 9ರಂದು, ಸದ್ಯಕ್ಕೆ ಬೇಡ ಅಂತ ತಡೆ ಹಾಕಿದರು.

ಬಿಟಿ ಬದನೆ ಬೇಕೋ ಬೇಡವೋ ಅನ್ನುವ ವಾದಕ್ಕೆ ನಾನು ಇವತ್ತು ಕೈ ಹಾಕುವುದಿಲ್ಲ. ನಮ್ಮೊಳಗೇ ಎರಡು ಅಭಿಪ್ರಾಯ ಇದೆ. ನಾನು ಹೇಳುವುದು ದಾರಿಯ ಬಗ್ಗೆ. ಬೀಜ ಅಂಗಡಿಗೆ ಬರುವ ಮೊದಲೇ ಮಂತ್ರಿ ನಮ್ಮನ್ನು ಕೇಳಿದರು. ಸಾಲ ಆದ ಮೇಲೆ ಕೇಳಲಿಲ್ಲ. ಒಂದು ಬದನೆಕಾಯಿಗೆ ಮಾಡಿದ್ದನ್ನು ಎಣ್ಣೆ ಸುಂಕಕ್ಕೆ ಯಾಕೆ ಮಾಡಬಾರದು? ಶೇಂಗಾ ಬೀಜಕ್ಕೆ ಯಾಕೆ ಮಾಡಬಾರದು?

ಈಗ ಏನು ನಡೆದಿದೆ

2023ರಲ್ಲಿ ಪಾರ್ಲಿಮೆಂಟು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಅನ್ನುವ ಕಾಯ್ದೆ ಮಾಡಿತು. ಅದರ ಮಂಡಳಿಗೆ ಪ್ರಧಾನಿಯೇ ಅಧ್ಯಕ್ಷರು. ಐದು ವರ್ಷಕ್ಕೆ 50,000 ಕೋಟಿ ರೂಪಾಯಿ ಅಂದರು. ಅದರಲ್ಲಿ 36,000 ಕೋಟಿ ಸರ್ಕಾರದ ಹೊರಗಿನಿಂದ, ಅಂದರೆ ಹೆಚ್ಚಾಗಿ ಉದ್ಯಮಗಳಿಂದ, ಬರಬೇಕು ಅನ್ನುವ ಲೆಕ್ಕ. 2025ರ ಜುಲೈನಲ್ಲಿ ಖಾಸಗಿಯವರ ಸಂಶೋಧನೆಗೆ 1 ಲಕ್ಷ ಕೋಟಿಯ ಇನ್ನೊಂದು ಯೋಜನೆಗೆ ಮಂತ್ರಿ ಮಂಡಲ ಒಪ್ಪಿತು. ಸಂಶೋಧನೆಗೆ ಹಣ ಬೇಕು, ನಮ್ಮ ದೇಶ ಅದಕ್ಕೆ ಕೊಡುವುದು ಬಹಳ ಕಮ್ಮಿ, ಇದನ್ನು ಒಪ್ಪುತ್ತೇನೆ. ಆದರೆ ಹಣ ಹಾಕಿದವನು ಪ್ರಶ್ನೆಯನ್ನೂ ಹಾಕುತ್ತಾನೆ. ಒಂದಕ್ಕೆ ಎಂಟು ಬರುವ ಶೇಂಗಾ ಬೀಜದ ಪ್ರಶ್ನೆಯನ್ನು ಯಾವ ಉದ್ಯಮಿ ಹಾಕುತ್ತಾನೆ?

ಎಣ್ಣೆಗೂ ಹೊಸ ಮಿಷನ್‌ಗಳು ಬಂದಿವೆ. 2021ರ ಆಗಸ್ಟಿನಲ್ಲಿ ತಾಳೆಗೆ 11,040 ಕೋಟಿ. 2024ರ ಅಕ್ಟೋಬರಿನಲ್ಲಿ ಎಣ್ಣೆಬೀಜಕ್ಕೆ 10,103 ಕೋಟಿ. 3 ಕೋಟಿ 90 ಲಕ್ಷ ಟನ್ ಇದ್ದ ಎಣ್ಣೆಬೀಜವನ್ನು 2030-31ಕ್ಕೆ 6 ಕೋಟಿ 97 ಲಕ್ಷ ಟನ್ ಮಾಡುತ್ತೇವೆ ಅಂತ ಗುರಿ. ಆ ಮಿಷನ್ ಬರುವ ಹಿಂದಿನ ತಿಂಗಳಷ್ಟೇ ಕಚ್ಚಾ ಎಣ್ಣೆಯ ಮೂಲ ಸುಂಕವನ್ನು ನೂರಕ್ಕೆ 20ಕ್ಕೆ ಏರಿಸಿದ್ದರು. ನಾನೂ ಸಂತೋಷಪಟ್ಟೆ, ಈ ಸಲ ಹಗ್ಗಗಳು ಕೂಡಿದವು ಅಂದುಕೊಂಡೆ. 2025ರ ಮೇ ಕೊನೆಯಲ್ಲಿ ಸುಂಕವನ್ನು 10ಕ್ಕೆ ಇಳಿಸಿದರು. ಮಿಷನ್ನಿಗೆ ಎಂಟು ತಿಂಗಳು ತುಂಬಿರಲಿಲ್ಲ. ಮುಂಗಾರು ಬಿತ್ತನೆ ಹೊಸ್ತಿಲ ಮೇಲಿತ್ತು. ನನಗೆ ದಲ್ಲಾಲಿಯ ಮಾತು ಮತ್ತೆ ಕಿವಿಯಲ್ಲಿ ಕೇಳಿದಂತಾಯಿತು.

ಇನ್ನೊಂದು ಸಂಗತಿ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಕುಲಾಂತರಿ ಸಾಸಿವೆಯ ಮೊಕದ್ದಮೆಯಲ್ಲಿ ಬೇರೆ ಬೇರೆ ತೀರ್ಪು ಕೊಟ್ಟರು. ಆದರೆ ಒಂದು ಮಾತಿನಲ್ಲಿ ಇಬ್ಬರೂ ಒಂದಾದರು. ಕುಲಾಂತರಿ ಬೆಳೆಗೆ ಕೇಂದ್ರ ಒಂದು ರಾಷ್ಟ್ರೀಯ ನೀತಿ ಮಾಡಬೇಕು, ಅದನ್ನು ಮಾಡುವಾಗ ರೈತರ ಪ್ರತಿನಿಧಿಗಳನ್ನೂ ಕೇಳಬೇಕು ಅಂದರು. ನಮಗೆ ಕೂರಲು ಒಂದು ಮಣೆ ಹಾಕಿದ್ದಾರೆ. ನಾವು ಹೋಗಿ ಕೂರುತ್ತೇವೆಯೇ?

ನಮ್ಮ ತಪ್ಪೂ ಇದೆ

ಕೋಪ ಮಾಡಿಕೊಳ್ಳಬೇಡಿ, ನಮ್ಮನ್ನೂ ಸ್ವಲ್ಪ ಬೈದುಕೊಳ್ಳೋಣ. ನಾವು ಇಷ್ಟು ವರ್ಷ ಕೇಳಿದ್ದು ಎರಡು: ಬೆಲೆ ಕೊಡಿ, ಸಾಲ ಮನ್ನಾ ಮಾಡಿ. ಎರಡೂ ನ್ಯಾಯವೇ. ಆದರೆ ಎರಡೂ ಕೊನೆಯ ಬಾಗಿಲು. ಬೀಜ ಆಗಲೇ ಬಿತ್ತಿದೆ, ಸಾಲ ಆಗಲೇ ಹುಟ್ಟಿದೆ, ಆಮೇಲೆ ನಾವು ತಾಲ್ಲೂಕು ಕಚೇರಿಯ ಮುಂದೆ ಕೂರುತ್ತೇವೆ. ಮೊದಲ ಬಾಗಿಲಿನಲ್ಲಿ, ಯಾವ ಬೆಳೆಗೆ ಯಾವ ವಿಜ್ಞಾನ, ಯಾವ ಸುಂಕ ಅಂತ ತೀರ್ಮಾನ ಆಗುವಾಗ, ನಮ್ಮವನು ಒಬ್ಬನೂ ಇರುವುದಿಲ್ಲ. ಕೃಷಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲಿ ರೈತನಿಗೆ ಜಾಗ ಇದೆ. ಕೃಷಿ ವಿಜ್ಞಾನ ಕೇಂದ್ರದ ಸಲಹಾ ಸಮಿತಿಯಲ್ಲೂ ಇದೆ. ಅಲ್ಲಿ ಯಾರು ಕೂತಿದ್ದಾರೆ, ಏನು ಮಾತಾಡಿದರು, ನಿಮಗೆ ಗೊತ್ತೇ? ನಾನೇ ಒಂದು ಸಲ ಅಂಥ ಸಮಿತಿಗೆ ಹೋಗಿ ಚಹಾ ಕುಡಿದು, ಹೂವಿನ ಹಾರ ಹಾಕಿಸಿಕೊಂಡು ಎದ್ದು ಬಂದವನು. ಏನು ಕೇಳಬೇಕು ಅಂತ ಗೊತ್ತಿರಲಿಲ್ಲ.

ಈಗ ಗೊತ್ತಿದೆ. ನೀವೂ ಬರೆದುಕೊಳ್ಳಿ. ಸರ್ಕಾರದವರು ಯಾವುದೇ ಹೊಸ ಬೀಜ, ಹೊಸ ಮಿಷನ್, ಹೊಸ ಯಂತ್ರ ತಂದರೆ ಮೂರು ಪ್ರಶ್ನೆ ಕೇಳಿ. ಈ ಬೆಳೆಯನ್ನು ಯಾವ ಬೆಲೆಗೆ, ಯಾರು ಕೊಳ್ಳುತ್ತಾರೆ? ಇದೇ ಮಾಲು ಹೊರಗಿನಿಂದ ಬಂದರೆ ಸುಂಕ ಎಷ್ಟು, ಎಷ್ಟು ವರ್ಷ ಅದನ್ನು ಅಲ್ಲಾಡಿಸುವುದಿಲ್ಲ ಅಂತ ಬರೆದು ಕೊಡುತ್ತೀರಿ? ಇದರ ಬೀಜವನ್ನು ನಾನು ಮನೆಯಲ್ಲಿ ಇಟ್ಟುಕೊಳ್ಳಬಹುದೋ, ವರ್ಷ ವರ್ಷ ಕೊಳ್ಳಬೇಕೋ? ಈ ಮೂರಕ್ಕೆ ಉತ್ತರ ಸಿಗದ ತಂತ್ರಜ್ಞಾನಕ್ಕೆ ಸಾಲ ಮಾಡುವ ಮೊದಲು ಒಂದು ರಾತ್ರಿ ಮಲಗಿ ಯೋಚನೆ ಮಾಡಿ. ಪಾರ್ಲಿಮೆಂಟಿಗೆ ವೋಟು ಕೇಳಲು ಬಂದವರಿಗೂ ಇವೇ ಮೂರು ಪ್ರಶ್ನೆ. ಅವರು ಬರುವವರೆಗೆ ಕಾಯಬೇಕಾಗಿಯೂ ಇಲ್ಲ, ಒಂದು ಕಾರ್ಡಿನ ಮೇಲೆ ಬರೆದು ಹಾಕಿ. ಒಂದು ಊರಿನಿಂದ ಐವತ್ತು ಕಾರ್ಡು ಹೋದರೆ ಯಾವ ಸದಸ್ಯನಾದರೂ ಅದನ್ನು ಓದಿಯೇ ಓದುತ್ತಾನೆ.

ನಮ್ಮಪ್ಪ ಈಗ ಇಲ್ಲ. ಕೊನೆಯವರೆಗೂ ಅವರು ಮಾರಿದ ಆ ಒಂದೂವರೆ ಎಕರೆಯ ಬದುವಿನ ಮೇಲೆ ಕಾಲಿಡಲಿಲ್ಲ, ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಮಳೆಯನ್ನು ಬೈದರು, ಹುಳುವನ್ನು ಬೈದರು, ನನ್ನನ್ನೂ ಬೈದರು. ಆ ಜಮೀನು ಹೋದದ್ದು ಎಲ್ಲೋ ದೂರದಲ್ಲಿ ಯಾರೋ ಹಾಕಿದ ಒಂದು ಸಹಿಯಿಂದ ಅಂತ ಅವರಿಗೆ ಗೊತ್ತೇ ಆಗಲಿಲ್ಲ. ನಮ್ಮ ಮಕ್ಕಳಿಗಾದರೂ ಅದು ಗೊತ್ತಿರಲಿ. ಸಹಿ ಬೀಳುವ ಮೊದಲೇ ಗೊತ್ತಿರಲಿ.